ಪಬ್ಲಿಕ್ ಅಂತಾರೆ, ಫೀಸು ಮಾತ್ರ ದುಬಾರಿ: ಅಮೆರಿಕದ ಸಂಶೋಧನಾ ವಿಶ್ವವಿದ್ಯಾಲಯ ನಡೆಯುವುದು ಹೇಗೆ?

ಅಮೆರಿಕದಿಂದ ಅಡ್ಮಿಷನ್ ಪತ್ರ ಬಂದ ಮನೆಯಲ್ಲಿ ಮೊದಲ ದಿನ ಖುಷಿ, ಎರಡನೇ ದಿನ ಲೆಕ್ಕಾಚಾರ. ವೆಬ್‌ಸೈಟ್ ತೆರೆದರೆ ‘ಪಬ್ಲಿಕ್ ರಿಸರ್ಚ್ ಯೂನಿವರ್ಸಿಟಿ’ ಅಂತ ಬರೆದಿರುತ್ತದೆ. ಪಬ್ಲಿಕ್ ಅಂದರೆ ಸರ್ಕಾರಿ ತಾನೆ? ಹಾಗಾದರೆ ಫೀಸು ಯಾಕೆ ಇಷ್ಟೊಂದು? ನಮ್ಮ ಹುಡುಗಿ ಹೋಗುತ್ತಿರುವುದು ಡಿಗ್ರಿ ಓದಲು, ರಿಸರ್ಚಿಗೂ ಅವಳಿಗೂ ಏನು ಸಂಬಂಧ? ಇದರ ಮೇಲೆ 2025ರಿಂದ ಸಂಶೋಧನಾ ಅನುದಾನಕ್ಕೆ ಕತ್ತರಿ ಬೀಳುತ್ತಿರುವ ಸುದ್ದಿ ಬೇರೆ.

ಇದನ್ನೆಲ್ಲ ಸುಮ್ನೆ ಗಾಳಿಯಲ್ಲಿ ವಿವರಿಸುವುದಕ್ಕಿಂತ ಒಂದೇ ವಿಶ್ವವಿದ್ಯಾಲಯವನ್ನು ಹಿಡಿದು ನೋಡುವುದು ಒಳ್ಳೆಯದು. ನಾನು ಆರಿಸಿಕೊಂಡಿರುವುದು ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಷ್ಟು ಇದರ ಹೆಸರು ನಮ್ಮ ಕಿವಿಗೆ ಬಿದ್ದಿಲ್ಲ. ಆದರೆ ಇದರ ಚರಿತ್ರೆಯ ತುಂಬ ಹಾಲು, ಹಸು, ಮೇವು, ಇಲಿಗಳೇ ಇವೆ. ಹಾಗಾಗಿ ಅರ್ಥಮಾಡಿಕೊಳ್ಳಲು ವಿಜ್ಞಾನ ಓದಿರಬೇಕಾಗಿಲ್ಲ.

ಮೂರು ಪದ, ಮೂರು ಅರ್ಥ

ಮೊದಲು ‘ಯೂನಿವರ್ಸಿಟಿ’. ಹತ್ತಾರು ವಿಷಯಗಳಲ್ಲಿ ಪದವಿಯಿಂದ ಪಿಎಚ್‌ಡಿವರೆಗೆ ಕಲಿಸುವ ಸಂಸ್ಥೆ. ಮ್ಯಾಡಿಸನ್‌ನಲ್ಲಿ ಸುಮಾರು 50 ಸಾವಿರ ವಿದ್ಯಾರ್ಥಿಗಳಿದ್ದಾರೆ. ಪಶುವೈದ್ಯದಿಂದ ಸಂಗೀತದವರೆಗೆ ಎಲ್ಲವೂ ಒಂದೇ ಕ್ಯಾಂಪಸ್ಸಿನಲ್ಲಿ.

‘ರಿಸರ್ಚ್’ ಅನ್ನುವ ಪದ ಸೇರಿದರೆ ಅಲ್ಲಿನ ಪ್ರಾಧ್ಯಾಪಕರ ಕೆಲಸವೇ ಬದಲಾಗುತ್ತದೆ. ಇರುವ ಜ್ಞಾನವನ್ನು ಪಾಠ ಮಾಡುವುದು ಅರ್ಧ ಕೆಲಸ. ಇಲ್ಲದ ಜ್ಞಾನವನ್ನು ಹುಡುಕುವುದು ಇನ್ನರ್ಧ. ಒಂದೇ ಕಡೆ ಈ ಎರಡೂ ನಡೆಯಬೇಕು ಅನ್ನುವ ಯೋಚನೆ 1810ರಲ್ಲಿ ಶುರುವಾದ ಬರ್ಲಿನ್ ವಿಶ್ವವಿದ್ಯಾಲಯದಿಂದ ಹಬ್ಬಿತು. ಅಮೆರಿಕದಲ್ಲಿ ಅದು ಗಟ್ಟಿಯಾಗಿ ಬೇರುಬಿಟ್ಟಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಈಗ ಅಲ್ಲಿ ‘ಆರ್1’ ಅನ್ನುವ ಒಂದು ದರ್ಜೆ ಇದೆ. ಅಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳನ್ನು ದರ್ಜೆವಾರು ವಿಂಗಡಿಸುವ ‘ಕಾರ್ನೆಗಿ ವರ್ಗೀಕರಣ’ದ 2025ರ ನಿಯಮದ ಪ್ರಕಾರ, ವರ್ಷಕ್ಕೆ ಕನಿಷ್ಠ 5 ಕೋಟಿ ಡಾಲರ್ ಸಂಶೋಧನೆಗೆ ಖರ್ಚು ಮಾಡಿ, ಕನಿಷ್ಠ 70 ಸಂಶೋಧನಾ ಪಿಎಚ್‌ಡಿ ಕೊಡುವ ಸಂಸ್ಥೆಗಳು ಈ ದರ್ಜೆಗೆ ಬರುತ್ತವೆ. ಆ ವರ್ಷದ ಪಟ್ಟಿಯಲ್ಲಿ ಇದ್ದದ್ದು 187 ಸಂಸ್ಥೆಗಳು. ಮ್ಯಾಡಿಸನ್ ಒಂದೇ ವರ್ಷಕ್ಕೆ 150 ಕೋಟಿ ಡಾಲರ್‌ಗಿಂತ ಜಾಸ್ತಿ ಸಂಶೋಧನೆಗೆ ಖರ್ಚು ಮಾಡುತ್ತದೆ. ಇಂಥ ಖರ್ಚಿನಲ್ಲಿ ದೇಶದ ಮೊದಲ ಹತ್ತರೊಳಗೆ ಅದು ಬರುತ್ತದೆ. ಅಂದ ಹಾಗೆ, ಆರ್1 ಅನ್ನುವುದು ಸಂಶೋಧನೆಯ ಗಾತ್ರ ಹೇಳುತ್ತದೆಯೇ ಹೊರತು ಪಾಠ ಚೆನ್ನಾಗಿ ಮಾಡುತ್ತಾರೆ ಅಂತ ಹೇಳುವುದಿಲ್ಲ. ಜಾಹೀರಾತುಗಳಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ, ಎಚ್ಚರ.

ಗೊಂದಲ ಹುಟ್ಟಿಸುವುದು ಮೂರನೇ ಪದ. ‘ಪಬ್ಲಿಕ್’ ಅಂದರೆ ಸಂಸ್ಥೆ ರಾಜ್ಯಕ್ಕೆ ಸೇರಿದ್ದು. ಗಮನಿಸಿ, ಅಮೆರಿಕದ ಕೇಂದ್ರ ಸರ್ಕಾರಕ್ಕಲ್ಲ, ವಿಸ್ಕಾನ್ಸಿನ್ ಅನ್ನುವ ಒಂದು ರಾಜ್ಯಕ್ಕೆ. ಮುಂದೆ ಬರುವ ಫೀಸಿನ ಲೆಕ್ಕವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಅಸಲು ಮುಟ್ಟಬೇಡಿ, ಬಡ್ಡಿ ತಿನ್ನಿ

ವಿಸ್ಕಾನ್ಸಿನ್ ರಾಜ್ಯ ಹುಟ್ಟಿದ್ದು 1848ರಲ್ಲಿ. ರಾಜಧಾನಿಯ ಹತ್ತಿರ ಒಂದು ರಾಜ್ಯ ವಿಶ್ವವಿದ್ಯಾಲಯ ಇರಬೇಕು ಅಂತ ಅದರ ಸಂವಿಧಾನದಲ್ಲೇ ಬರೆದುಕೊಂಡರು. ಅದೇ ವರ್ಷ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. 1849ರ ಫೆಬ್ರವರಿಯಲ್ಲಿ ಮೊದಲ ತರಗತಿ ನಡೆದಾಗ ಇದ್ದ ವಿದ್ಯಾರ್ಥಿಗಳು 17 ಜನ.

ನಿಜವಾದ ತಿರುವು ಬಂದದ್ದು 1862ರಲ್ಲಿ. ಅಂತರ್ಯುದ್ಧ ನಡೆಯುತ್ತಿದ್ದಾಗಲೇ ಅಧ್ಯಕ್ಷ ಲಿಂಕನ್ ಒಂದು ಕಾಯ್ದೆಗೆ ಸಹಿ ಹಾಕಿದರು. ಅದನ್ನು ತಂದ ಜಸ್ಟಿನ್ ಮೊರಿಲ್ ಹೆಸರಿನಿಂದ ಅದು ಮೊರಿಲ್ ಕಾಯ್ದೆ ಅಂತಲೇ ಪ್ರಸಿದ್ಧ. ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ರಾಜ್ಯಕ್ಕೆ ಎಷ್ಟು ಸದಸ್ಯರಿದ್ದಾರೋ, ತಲೆಗೆ 30 ಸಾವಿರ ಎಕರೆಯಂತೆ ಕೇಂದ್ರ ಸರ್ಕಾರ ಜಮೀನು ಕೊಟ್ಟಿತು. ವಿಸ್ಕಾನ್ಸಿನ್‌ಗೆ ಬಂದದ್ದು 2 ಲಕ್ಷ 40 ಸಾವಿರ ಎಕರೆ. ಈ ಜಮೀನಿನ ಮೇಲೆ ಕಟ್ಟಡ ಕಟ್ಟಿ ಅಂತಲ್ಲ. ಮಾರಿ, ಬಂದ ದುಡ್ಡನ್ನು ಇಡುಗಂಟು ಮಾಡಿ, ಅದರ ಬಡ್ಡಿಯಲ್ಲಿ ಕಾಲೇಜು ನಡೆಸಿ ಅಂತ. ಈಗಿನ ಮಾತಲ್ಲಿ ಹೇಳಬೇಕೆಂದರೆ ಒಂದು ದೊಡ್ಡ ಎಫ್‌ಡಿ. ಮುಖ್ಯ ಷರತ್ತು ಒಂದಿತ್ತು. ಹಳೆಯ ಕಾಲೇಜುಗಳ ಹಾಗೆ ಗ್ರೀಕ್, ಲ್ಯಾಟಿನ್ ಕಲಿಸಿ ಕೈತೊಳೆದುಕೊಳ್ಳುವಂತಿಲ್ಲ. ಬೇಸಾಯ ಮತ್ತು ಯಂತ್ರವಿದ್ಯೆಯನ್ನೂ ಕಲಿಸಬೇಕು. ಹೀಗೆ ಬೆಳೆದ ಸಂಸ್ಥೆಗಳನ್ನು ‘ಲ್ಯಾಂಡ್ ಗ್ರಾಂಟ್’ ವಿಶ್ವವಿದ್ಯಾಲಯ ಅನ್ನುತ್ತಾರೆ.

ಈ ಜಮೀನು ಸರ್ಕಾರಕ್ಕೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆಯೂ ಇದೆ ಅಲ್ವಾ? ಅಲ್ಲಿನ ಮೂಲನಿವಾಸಿಗಳಿಂದ. ಮ್ಯಾಡಿಸನ್ ಕ್ಯಾಂಪಸ್ ನಿಂತಿರುವ ನೆಲ ಹೋ-ಚಂಕ್ ಜನರದ್ದು. 1832ರ ಒಪ್ಪಂದದಲ್ಲಿ ಅವರು ಅದನ್ನು ಒತ್ತಾಯಕ್ಕೆ ಬಿಟ್ಟುಕೊಟ್ಟರು. ಬಹಳ ಕಾಲ ಈ ವಿಷಯ ಯಾರೂ ಎತ್ತಲಿಲ್ಲ. ವಿಶ್ವವಿದ್ಯಾಲಯ ಇದನ್ನು ಬರಹದಲ್ಲಿ ಒಪ್ಪಿಕೊಂಡು ಕ್ಯಾಂಪಸ್ಸಿನಲ್ಲಿ ಫಲಕ ಹಾಕಿದ್ದು 2019ರಲ್ಲಿ.

ಫ್ಯಾಟ್ ಎಷ್ಟು ಬಂತು?

ಡೈರಿಗೆ ಹಾಲು ಹಾಕುವ ಮನೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ 1880ರ ದಶಕದ ವಿಸ್ಕಾನ್ಸಿನ್‌ನಲ್ಲಿ ಇದನ್ನು ಕೇಳುವ ದಾರಿಯೇ ಇರಲಿಲ್ಲ. ಹಾಲಿಗೆ ತೂಕದ ಮೇಲೆ ದುಡ್ಡು. ನೀರು ಬೆರೆಸಿದವನಿಗೂ, ಕೆನೆ ತೆಗೆದು ತಂದವನಿಗೂ, ಗಟ್ಟಿ ಹಾಲು ತಂದವನಿಗೂ ಒಂದೇ ದರ. ಪ್ರಾಮಾಣಿಕನಾಗಿದ್ದರೆ ನಷ್ಟ.

ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರದಲ್ಲಿ ಸ್ಟೀಫನ್ ಬಾಬ್‌ಕಾಕ್ ಅನ್ನುವ ರಸಾಯನ ವಿಜ್ಞಾನಿ ಇದ್ದರು. ಅವರು 1890ರಲ್ಲಿ ಒಂದು ಪರೀಕ್ಷೆ ಕಂಡುಹಿಡಿದರು. ಉದ್ದ ಕತ್ತಿನ ಒಂದು ಬಾಟಲಿಗೆ ಅಳತೆಯ ಹಾಲು, ಅದಕ್ಕೆ ಗಂಧಕಾಮ್ಲ. ಆಮ್ಲ ಹಾಲಿನಲ್ಲಿರುವ ಬೇರೆಲ್ಲವನ್ನೂ ಕರಗಿಸುತ್ತದೆ, ಕೊಬ್ಬನ್ನು ಬಿಟ್ಟು. ಬಾಟಲಿಯನ್ನು ಯಂತ್ರದಲ್ಲಿಟ್ಟು ಗರಗರ ತಿರುಗಿಸಿ, ಬಿಸಿನೀರು ಹಾಕಿದರೆ ಕೊಬ್ಬು ಮೇಲೆದ್ದು ಕತ್ತಿನಲ್ಲಿ ನಿಲ್ಲುತ್ತದೆ. ಕತ್ತಿನ ಮೇಲೆ ಗೆರೆ ಎಳೆದಿರುತ್ತದೆ. ಓದಿ, ಬರೆದುಕೊಳ್ಳಿ, ದುಡ್ಡು ಕೊಡಿ. ಹಾಲಿನ ಕೇಂದ್ರದಲ್ಲಿ ಕೆಲಸ ಮಾಡುವ ಯಾರು ಬೇಕಾದರೂ ಕಲಿಯಬಹುದಾದಷ್ಟು ಸರಳ.

ಬಾಬ್‌ಕಾಕ್ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಬಳಸಲಿ ಅಂತ ಪ್ರಯೋಗ ಕೇಂದ್ರದ ವರದಿಯಲ್ಲಿ ಅಚ್ಚುಹಾಕಿಸಿ ಹಂಚಿಬಿಟ್ಟರು. ಕ್ಯಾಂಪಸ್ಸಿನಲ್ಲಿ ಅವರ ಹೆಸರಿನ ಡೈರಿ ಇವತ್ತಿಗೂ ಇದೆ. ಅಲ್ಲಿ ಐಸ್‌ಕ್ರೀಮ್ ಮಾಡಿ ಮಾರುತ್ತಾರೆ.

‘ಪಬ್ಲಿಕ್’ ಪದದ ಒಳ ಅರ್ಥ ಇಲ್ಲಿ ಸಿಗುತ್ತದೆ ಅಂತ ನನ್ನ ಅನಿಸಿಕೆ. ದುಡ್ಡು ಕೊಟ್ಟವರು ಯಾರು ಅನ್ನುವುದಕ್ಕಿಂತ ಪ್ರಶ್ನೆ ಯಾರದು, ಉತ್ತರ ಯಾರಿಗೆ ಹೋಯಿತು ಅನ್ನುವುದನ್ನು ನೋಡಬೇಕು. 1903ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಚಾರ್ಲ್ಸ್ ವ್ಯಾನ್ ಹೈಸ್ ಇದನ್ನೇ ಬಾಯಿಬಿಟ್ಟು ಹೇಳಿದರು: ಇಲ್ಲಿನ ಪ್ರಯೋಜನ ರಾಜ್ಯದ ಪ್ರತಿ ಮನೆಗೂ ಮುಟ್ಟುವವರೆಗೆ ನನಗೆ ಸಮಾಧಾನವಿಲ್ಲ. ಮುಂದೆ ಇದಕ್ಕೆ ‘ವಿಸ್ಕಾನ್ಸಿನ್ ಐಡಿಯಾ’ ಅಂತ ಹೆಸರು ಬಿತ್ತು. ವಿಶ್ವವಿದ್ಯಾಲಯದ ಜನ ಹಳ್ಳಿಹಳ್ಳಿಗೆ ಹೋಗಿ ರೈತರಿಗೆ ಪಾಠ ಮಾಡಿದರು. ಕ್ಯಾಂಪಸ್ಸಿನ ರೇಡಿಯೋ ಕೇಂದ್ರ 1920ರ ದಶಕದಲ್ಲೇ ಹವಾಮಾನ ಮತ್ತು ಮಾರುಕಟ್ಟೆ ದರ ಓದುತ್ತಿತ್ತು.

ಹಾಲಿನ ಕ್ಯಾನಿನಲ್ಲಿ ರಕ್ತ

ದಾರಿ ಎರಡೂ ಕಡೆಗಿತ್ತು. ಊರಿನ ಕಷ್ಟ ಕ್ಯಾಂಪಸ್ಸಿಗೂ ಬರುತ್ತಿತ್ತು.

1933ರ ಫೆಬ್ರವರಿ. ಹಿಮ ಸುರಿಯುತ್ತಿದ್ದ ಒಂದು ಶನಿವಾರ. ರೈತನೊಬ್ಬ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್‌ಗೆ ಬಂದ. ಗಾಡಿಯಲ್ಲಿ ಸತ್ತ ಒಂದು ಕಡಸು. ಒಂದಷ್ಟು ಕೆಟ್ಟ ಮೇವು. ಜೊತೆಗೆ ಒಂದು ಹಾಲಿನ ಕ್ಯಾನ್. ಅದರೊಳಗೆ ಇದ್ದದ್ದು ರಕ್ತ, ಹೆಪ್ಪುಗಟ್ಟದ ರಕ್ತ. ಅವನ ಹಸುಗಳು ಒಂದೊಂದಾಗಿ ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ರಾಜ್ಯದ ಪಶುವೈದ್ಯರ ಕಚೇರಿಗೆ ಬಾಗಿಲು ಹಾಕಿತ್ತು. ತೆರೆದಿದ್ದ ಬಾಗಿಲು ಸಿಕ್ಕಿದ್ದು ಕಾರ್ಲ್ ಪಾಲ್ ಲಿಂಕ್ ಅನ್ನುವ ಪ್ರಾಧ್ಯಾಪಕರ ಪ್ರಯೋಗಾಲಯದ್ದು.

ಅವತ್ತು ಲಿಂಕ್ ಹೇಳಲು ಸಾಧ್ಯವಾದದ್ದು ಇಷ್ಟೇ. ಆ ಮೇವು ನಿಲ್ಲಿಸಿ, ಸಾಧ್ಯವಾದರೆ ಬೇರೆ ಹಸುವಿನ ರಕ್ತ ಕೊಡಿ. ಸ್ವೀಟ್ ಕ್ಲೋವರ್ ಅನ್ನುವ ಮೇವಿನ ಗಿಡ ಬೂಸ್ಟು ಹಿಡಿದರೆ ಹೀಗಾಗುತ್ತದೆ ಅನ್ನುವುದು ಆಗಲೇ ಗೊತ್ತಿತ್ತು. ಆದರೆ ಅದರೊಳಗಿನ ಯಾವ ವಸ್ತು ಈ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಲಿಲ್ಲ. ರೈತ ಖಾಲಿ ಕೈಯಲ್ಲಿ ವಾಪಸ್ ಹೋದ. ರಕ್ತದ ಕ್ಯಾನ್ ಪ್ರಯೋಗಾಲಯದಲ್ಲೇ ಉಳಿಯಿತು.

ಆ ವಸ್ತುವನ್ನು ಶುದ್ಧ ಹರಳಾಗಿ ಬೇರ್ಪಡಿಸಲು ಆರು ವರ್ಷ ಬೇಕಾಯಿತು. 1939ರಲ್ಲಿ ಅದು ಕೈಗೆ ಸಿಕ್ಕಿತು. ಅದರದೇ ಜಾತಿಯ ಇನ್ನಷ್ಟು ರಾಸಾಯನಿಕಗಳನ್ನು ಲಿಂಕ್ ತಂಡ ತಯಾರಿಸಿ ನೋಡಿತು. ಅವುಗಳಲ್ಲಿ ಒಂದು 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ಇಲಿಗೆ ಒಳಗೆ ರಕ್ತ ಸೋರುವಂತೆ ಮಾಡುವ ಅದೇ ಗುಣವನ್ನು ಅಳತೆ ತಪ್ಪದೆ ಬಳಸಿದರೆ ಮನುಷ್ಯರ ರಕ್ತನಾಳದಲ್ಲಿ ಹೆಪ್ಪುಗಟ್ಟುವುದನ್ನು ತಡೆಯಬಹುದು. 1950ರ ದಶಕದಲ್ಲಿ ಅದು ಔಷಧಿಯಾಯಿತು. ಹೃದಯಾಘಾತವಾದಾಗ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು. ಅದರ ಹೆಸರು ವಾರ್ಫರಿನ್. ಹೃದಯದ ಕವಾಟ ಬದಲಿಸಿಕೊಂಡವರ ಮನೆಯಲ್ಲಿ ಈ ಮಾತ್ರೆಯ ಹೆಸರು ಎಲ್ಲರಿಗೂ ಗೊತ್ತಿರುತ್ತದೆ.

ರೈತನ ಪ್ರಶ್ನೆ ಹಸುವಿನದು. ಉತ್ತರ ಬಂದದ್ದು ಹೃದಯರೋಗಿಗೆ. ಮಧ್ಯೆ ಇಲಿ. ಇಂಥ ಕೆಲಸಕ್ಕೆ ‘ಇಷ್ಟು ತಿಂಗಳಲ್ಲಿ ಇಂಥ ಔಷಧಿ ಬೇಕು’ ಅಂತ ಯಾರೂ ಮುಂಗಡ ಆರ್ಡರ್ ಕೊಡಲು ಆಗುತ್ತಿರಲಿಲ್ಲ. ಕಂಪನಿಗಳ ಪ್ರಯೋಗಾಲಯಕ್ಕೂ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಒಬ್ಬ ಪ್ರಾಧ್ಯಾಪಕ ಆರು ವರ್ಷ ಒಂದೇ ಹುಲ್ಲಿನ ಹಿಂದೆ ಬೀಳಬಹುದು.

ಇನ್ನೊಂದು ಉದಾಹರಣೆ ಚುಟುಕಾಗಿ. 1907ರಿಂದ 1911ರವರೆಗೆ ಇಲ್ಲೇ 16 ಕಡಸುಗಳನ್ನು ನಾಲ್ಕು ಗುಂಪು ಮಾಡಿ ಸಾಕಿದರು. ಒಂದಕ್ಕೆ ಬರೀ ಜೋಳದ ಗಿಡದ ಮೇವು (ಅಲ್ಲಿಯ ಜೋಳ, ಅಂದರೆ ಮುಸುಕಿನ ಜೋಳ), ಒಂದಕ್ಕೆ ಗೋಧಿ, ಒಂದಕ್ಕೆ ಓಟ್ಸ್, ಒಂದಕ್ಕೆ ಮೂರೂ ಸೇರಿಸಿ. ಪ್ರಯೋಗಾಲಯದ ಲೆಕ್ಕದಲ್ಲಿ ನಾಲ್ಕೂ ಮೇವು ಸಮಸಮ. ಆದರೂ ಜೋಳ ತಿಂದವು ಮಿರಮಿರ ಮಿಂಚಿದವು, ಗೋಧಿ ತಿಂದವು ಸೊರಗಿದವು, ಅವುಗಳ ಕರುಗಳು ಉಳಿಯಲಿಲ್ಲ. ಲೆಕ್ಕಕ್ಕೆ ಸಿಗದ ಏನೋ ಒಂದು ಆಹಾರದಲ್ಲಿದೆ ಅಂತ ಆಯಿತು. ಹಸು ಬೆಳೆಯುವುದು ನಿಧಾನ ಅಂತ ಎಲ್ಮರ್ ಮೆಕಾಲಂ ಇಲಿ ಸಾಕಲು ಶುರುಮಾಡಿದರು. ಅವರು ಮಾರ್ಗರೀಟ್ ಡೇವಿಸ್ ಜೊತೆ ಸೇರಿ 1913ರಲ್ಲಿ ಪ್ರಕಟಿಸಿದ ಆ ‘ಏನೋ ಒಂದು’ ಈಗ ವಿಟಮಿನ್ ಎ.

ಒಂದು ಪ್ರಯೋಗಾಲಯದೊಳಗೆ ಯಾರ್ಯಾರು?

ಪ್ರಯೋಗಾಲಯವನ್ನು ಒಂದು ಸಣ್ಣ ಅಂಗಡಿ ಅಂದುಕೊಳ್ಳಿ. ಕಟ್ಟಡ ವಿಶ್ವವಿದ್ಯಾಲಯದ್ದು, ವ್ಯಾಪಾರ ಪ್ರಾಧ್ಯಾಪಕರದ್ದು. ಬಂಡವಾಳ ಅವರೇ ತರಬೇಕು. ಈ ಬಂಡವಾಳಕ್ಕೆ ‘ಗ್ರಾಂಟ್’ ಅನ್ನುತ್ತಾರೆ. ಇದನ್ನು ಕೊಡುವುದು ಹೆಚ್ಚಾಗಿ ಕೇಂದ್ರ ಸರ್ಕಾರದ ಸಂಸ್ಥೆಗಳು: ಆರೋಗ್ಯಕ್ಕೆ ಸಂಬಂಧಿಸಿದ್ದಾದರೆ ಎನ್‌ಐಎಚ್, ಮೂಲವಿಜ್ಞಾನವಾದರೆ ಎನ್‌ಎಸ್‌ಎಫ್, ಹೀಗೆ. ಪ್ರಾಧ್ಯಾಪಕರು ಅರ್ಜಿ ಬರೆಯುತ್ತಾರೆ. ಪ್ರಶ್ನೆ ಏನು, ಹೇಗೆ ಹುಡುಕುತ್ತೇವೆ, ಎಷ್ಟು ಖರ್ಚು ಅಂತ. ಅದನ್ನು ಅದೇ ವಿಷಯದ ಬೇರೆ ಊರಿನ ತಜ್ಞರು ಕೂತು ಓದಿ ಅಂಕ ಕೊಡುತ್ತಾರೆ. ಬಹುಪಾಲು ಅರ್ಜಿ ಬಿದ್ದುಹೋಗುತ್ತವೆ. ದೊಡ್ಡ ಹೆಸರಿನ ವಿಜ್ಞಾನಿಗಳು ಕೂಡ ವರ್ಷದಲ್ಲಿ ಎಷ್ಟೋ ವಾರ ಬರೀ ಅರ್ಜಿ ಬರೆಯುತ್ತಾ ಕೂತಿರುತ್ತಾರೆ.

ಗ್ರಾಂಟ್ ಬಂದರೆ ಅದರಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಿಗೆ, ಪೋಸ್ಟ್‌ಡಾಕ್‌ಗಳಿಗೆ ಸಂಬಳ. ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಮುಗಿಸಿ ಇನ್ನೂ ಕಾಯಂ ಕೆಲಸ ಸಿಗದೆ ಒಂದೆರಡು ಕಡೆ ಅನುಭವ ಗಳಿಸುತ್ತಿರುವವರು. ನಿಜವಾದ ಪ್ರಯೋಗ ಜಾಸ್ತಿ ಮಾಡುವವರು ಇವರೇ. ಅವಿಭಜಿತ ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿದ ಹರ್‌ಗೋಬಿಂದ್ ಖೊರಾನಾ 1960ರಲ್ಲಿ ಮ್ಯಾಡಿಸನ್‌ಗೆ ಬಂದು, ಜೀವಕೋಶ ಡಿಎನ್‌ಎ ಭಾಷೆಯನ್ನು ಓದುವ ಬಗೆಯನ್ನು ಬಿಡಿಸಿದ್ದು ಇಂಥ ಒಂದು ತಂಡ ಕಟ್ಟಿಕೊಂಡೇ. 1968ರ ನೊಬೆಲ್ ಬಂದಾಗ ಅವರು ಅಲ್ಲೇ ಇದ್ದರು.

ಇನ್ನು ಸುದ್ದಿಯಲ್ಲಿರುವ ‘ಓವರ್‌ಹೆಡ್’. ಮದುವೆ ಅಡುಗೆಗೆ ಭಟ್ಟರಿಗೆ ಕೊಡುವುದು, ದಿನಸಿಗೆ ಕೊಡುವುದು ನೇರ ಖರ್ಚು. ಆದರೆ ಛತ್ರದ ಕರೆಂಟು, ನೀರು, ಗುಡಿಸುವವರ ಸಂಬಳ, ಲೆಕ್ಕ ಬರೆಯುವವರ ಸಂಬಳ? ಅದನ್ನು ಯಾರದೋ ಒಂದು ಮದುವೆಯ ಬಿಲ್ಲಿಗೆ ಹಾಕಲು ಬರುವುದಿಲ್ಲ, ಆದರೆ ಅದಿಲ್ಲದೆ ಮದುವೆಯೂ ಇಲ್ಲ. ಹಾಗೆಯೇ ಗ್ರಾಂಟಿನ ನೇರ ಖರ್ಚಿನ ಮೇಲೆ ವಿಶ್ವವಿದ್ಯಾಲಯಕ್ಕೆ ಒಂದಿಷ್ಟು ಶೇಕಡಾ ಬೇರೆ ಕೊಡುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಇದು ಶೇ 50 ದಾಟಿರುವುದೂ ಉಂಟು. 2025ರ ಫೆಬ್ರವರಿಯಲ್ಲಿ ಎನ್‌ಐಎಚ್ ಇದನ್ನು ಎಲ್ಲರಿಗೂ ಶೇ 15ಕ್ಕೆ ಇಳಿಸುವುದಾಗಿ ಹೇಳಿತು. ವಿಶ್ವವಿದ್ಯಾಲಯಗಳು ಮತ್ತು ಹಲವು ರಾಜ್ಯಗಳು ಕೋರ್ಟಿಗೆ ಹೋದವು, ಕೋರ್ಟು ತಡೆ ಕೊಟ್ಟಿತು. ಇದು ದುಂದು ಖರ್ಚಿಗೆ ಕಡಿವಾಣ ಅನ್ನುವುದು ಒಂದು ಕಡೆಯ ವಾದ. ಕರೆಂಟು ಬಿಲ್ಲು ಕಟ್ಟದೆ ಪ್ರಯೋಗಾಲಯ ನಡೆಯುತ್ತದೆಯೇ ಅನ್ನುವುದು ಇನ್ನೊಂದು ಕಡೆಯದು.

ಹಾಗಾದರೆ ಫೀಸು ಯಾಕೆ ಅಷ್ಟು?

ಈಗ ಎರಡನೇ ದಿನದ ಲೆಕ್ಕಾಚಾರಕ್ಕೆ ಬರೋಣ. ಮ್ಯಾಡಿಸನ್‌ನಲ್ಲಿ ಪದವಿ ಓದುವ ವಿಸ್ಕಾನ್ಸಿನ್ ಹುಡುಗನಿಗೆ ವರ್ಷದ ಫೀಸು 12 ಸಾವಿರ ಡಾಲರ್ ಆಸುಪಾಸು. ಹೊರರಾಜ್ಯದವರಿಗೆ ಅದು 40 ಸಾವಿರ ಡಾಲರ್ ದಾಟುತ್ತದೆ. ವಿದೇಶದವರಿಗಂತೂ ಕಡಿಮೆ ಆಗುವ ಮಾತೇ ಇಲ್ಲ. ಊಟ, ವಸತಿ ಬೇರೆ.

ಕಾರಣ ಸರಳ. ರಾಜ್ಯದವರ ಅಪ್ಪ ಅಮ್ಮ ವರ್ಷಾನುಗಟ್ಟಲೆ ಅಲ್ಲಿ ತೆರಿಗೆ ಕಟ್ಟಿದ್ದಾರೆ. ಅವರ ಪಾಲಿನ ಒಂದಂಶ ಆಗಲೇ ಸಂದಾಯವಾಗಿದೆ. ಹೊರಗಿನವರದ್ದು ಆಗಿಲ್ಲ. ಪಕ್ಕದ ರಾಜ್ಯವಾದ ಇಲಿನಾಯ್ಸ್‌ನಿಂದ ಬಂದ ಅಮೆರಿಕನ್ ಹುಡುಗ ಕೂಡ ಈ ಲೆಕ್ಕದಲ್ಲಿ ಹೊರಗಿನವನೇ.

ರಾಜ್ಯ ಸರ್ಕಾರ ಎಲ್ಲ ಖರ್ಚನ್ನೂ ಕೊಡುವುದೂ ಇಲ್ಲ. ಒಟ್ಟು ಬಜೆಟ್ಟಿನಲ್ಲಿ ಅದರ ಪಾಲು ಕಾಲುಭಾಗಕ್ಕಿಂತ ಕಡಿಮೆ. ಉಳಿದದ್ದು ಕೇಂದ್ರದ ಗ್ರಾಂಟ್, ಫೀಸು, ಹಳೆ ವಿದ್ಯಾರ್ಥಿಗಳ ದೇಣಿಗೆ, ಹಾಸ್ಟೆಲ್, ಊಟ, ಕ್ರೀಡೆ ಇತ್ಯಾದಿಗಳಿಂದ. ಆದರೆ ಈ ಬುಟ್ಟಿಗಳು ಬೇರೆ ಬೇರೆ. ಕ್ಯಾನ್ಸರ್ ಸಂಶೋಧನೆಗೆ ಬಂದ ಗ್ರಾಂಟಿನಿಂದ ಇಂಗ್ಲಿಷ್ ಮೇಷ್ಟರಿಗೆ ಸಂಬಳ ಕೊಡುವಂತಿಲ್ಲ. ‘150 ಕೋಟಿ ಡಾಲರ್ ಸಂಶೋಧನೆಗೆ ಸುರಿಯುತ್ತಾರೆ, ಫೀಸು ಯಾಕೆ ಇಳಿಸಬಾರದು’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ.

ಕಂಡುಹಿಡಿದದ್ದು ಯಾರ ಸೊತ್ತು?

ಬಾಬ್‌ಕಾಕ್ ಉಚಿತವಾಗಿ ಹಂಚಿದರು. ಅವರ ನಂತರ ಬಂದ ಹ್ಯಾರಿ ಸ್ಟೀನ್‌ಬಾಕ್ ಬೇರೆ ದಾರಿ ಹಿಡಿದರು. ಆಹಾರದ ಮೇಲೆ ಅತಿನೇರಳೆ ಬೆಳಕು ಹಾಯಿಸಿದರೆ ಅದರಲ್ಲಿ ವಿಟಮಿನ್ ಡಿ ಹೆಚ್ಚುತ್ತದೆ ಅಂತ 1920ರ ದಶಕದಲ್ಲಿ ಅವರು ತೋರಿಸಿದರು. ಮಕ್ಕಳ ಮೂಳೆ ಬಾಗುವ ರಿಕೆಟ್ಸ್ ಕಾಯಿಲೆಗೆ ಇದು ಪರಿಹಾರ. ಕಂಪನಿಯೊಂದು ಇದರ ಹಕ್ಕಿಗೆ ಭಾರಿ ಮೊತ್ತ ಕೊಡಲು ಮುಂದೆ ಬಂತು. ಸ್ಟೀನ್‌ಬಾಕ್ ಒಪ್ಪಲಿಲ್ಲ. 1925ರಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ಒಂದು ಪ್ರತಿಷ್ಠಾನ ಕಟ್ಟಿದರು. ಪೇಟೆಂಟ್ ಅದರ ಕೈಯಲ್ಲಿ, ಕಂಪನಿಗಳು ಕಟ್ಟುವ ಲೈಸೆನ್ಸ್ ದುಡ್ಡು ಮತ್ತೆ ಸಂಶೋಧನೆಗೆ. ಈ ಪ್ರತಿಷ್ಠಾನದ ಚುಟುಕು ಹೆಸರು ‘ವಾರ್ಫ್’. ವಾರ್ಫರಿನ್ ಮಾತ್ರೆಯ ಹೆಸರಿನ ಮೊದಲ ಅರ್ಧ ಇದೇ.

ಕಥೆ ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ವಾರ್ಫ್ ಮಾರ್ಗರಿನ್ ತಯಾರಕರಿಗೆ ಲೈಸೆನ್ಸ್ ಕೊಡಲಿಲ್ಲ. ಮಾರ್ಗರಿನ್ ಅಂದರೆ ಬೆಣ್ಣೆಯ ಬದಲಿಗೆ ಬಳಸುವ ಅಗ್ಗದ ಕೊಬ್ಬು. ಹೈನುಗಾರರ ರಾಜ್ಯಕ್ಕೆ ಅದು ಶತ್ರು ಇದ್ದ ಹಾಗೆ. ರಿಕೆಟ್ಸ್ ಜಾಸ್ತಿ ಇದ್ದದ್ದು ಬಡವರ ಮಕ್ಕಳಲ್ಲಿ, ಮಾರ್ಗರಿನ್ ಜಾಸ್ತಿ ತಿನ್ನುತ್ತಿದ್ದವರೂ ಬಡವರೇ. 1940ರ ದಶಕದಲ್ಲಿ ಕೋರ್ಟು ಈ ಮಾತನ್ನು ಎತ್ತಿತು, ಪೇಟೆಂಟನ್ನೂ ಅಸಿಂಧು ಅಂದಿತು. ‘ಪ್ರತಿ ಮನೆಗೂ ಮುಟ್ಟಲಿ’ ಅನ್ನುವಾಗ ಯಾವ ಮನೆ ಅನ್ನುವ ಪ್ರಶ್ನೆ ಅಲ್ಲೂ ಎದ್ದಿತ್ತು. 1980ರಲ್ಲಿ ಬಂದ ಬೈ–ಡೋಲ್ ಕಾಯ್ದೆಯಿಂದ ಕೇಂದ್ರದ ದುಡ್ಡಲ್ಲಿ ಕಂಡುಹಿಡಿದದ್ದರ ಪೇಟೆಂಟನ್ನೂ ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಬಹುದು ಅಂತಾಯಿತು.

ಯಾರ ಮಾತು ನಡೆಯುತ್ತದೆ?

ಮ್ಯಾಡಿಸನ್ ನಕ್ಷೆ ನೋಡಿ. ಒಂದು ತುದಿಯಲ್ಲಿ ರಾಜ್ಯದ ಶಾಸನಸಭೆ, ಇನ್ನೊಂದು ತುದಿಯ ಗುಡ್ಡದ ಮೇಲೆ ವಿಶ್ವವಿದ್ಯಾಲಯ. ಮಧ್ಯೆ ಸುಮಾರು ಒಂದು ಮೈಲಿಯ ನೇರ ರಸ್ತೆ. ಜಗಳವಾದಾಗಲೆಲ್ಲ ಈ ರಸ್ತೆ ಚಿಕ್ಕದು ಅನಿಸುತ್ತದೆ.

ಮೇಲುಸ್ತುವಾರಿ 18 ಜನರ ‘ರೀಜೆಂಟ್ಸ್’ ಮಂಡಳಿಯದು. 16 ಜನರನ್ನು ರಾಜ್ಯಪಾಲರು ನೇಮಿಸುತ್ತಾರೆ. ಅಲ್ಲಿಯ ರಾಜ್ಯಪಾಲರು ಜನರಿಂದ ಆಯ್ಕೆಯಾದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ ಅಂದುಕೊಳ್ಳಿ. ಈ 16ರಲ್ಲಿ ಇಬ್ಬರು ವಿದ್ಯಾರ್ಥಿಗಳು. ಕ್ಯಾಂಪಸ್ಸಿನ ದಿನನಿತ್ಯದ ಯಜಮಾನಿಕೆ ಚಾನ್ಸೆಲರ್ ಅವರದು. ಹೆಸರು ಕೇಳಿ ಗೊಂದಲ ಬೇಡ, ನಮ್ಮಲ್ಲಿ ಕುಲಪತಿಗಳು ಮಾಡುವ ಕೆಲಸ ಅಲ್ಲಿ ಚಾನ್ಸೆಲರ್‌ದು.

ಸರ್ಕಾರಕ್ಕೆ ಇಷ್ಟವಾಗದ ಮಾತು ಆಡಿದ ಮೇಷ್ಟರ ಗತಿ? 1894ರಲ್ಲಿ ಇದು ಪರೀಕ್ಷೆಗೆ ಬಂತು. ಅರ್ಥಶಾಸ್ತ್ರದ ಪ್ರಾಧ್ಯಾಪಕ ರಿಚರ್ಡ್ ಈಲಿ ಮುಷ್ಕರಗಳಿಗೆ ಬೆಂಬಲ ಕೊಡುತ್ತಾರೆ, ಸಮಾಜವಾದ ಬೋಧಿಸುತ್ತಾರೆ ಅಂತ ರಾಜ್ಯದ ಶಿಕ್ಷಣಾಧಿಕಾರಿ ದೂರಿದರು. ವಿಚಾರಣೆ ನಡೆಯಿತು. ಮಂಡಳಿ ಈಲಿ ಪರ ನಿಂತಿತು. ಅಷ್ಟೇ ಅಲ್ಲ, ಬೇರೆಡೆ ಏನೇ ಕಟ್ಟುಪಾಡು ಇರಲಿ, ಇಲ್ಲಿ ಅಂಜದೆ ಜರಡಿ ಹಿಡಿಯುವ, ಕೇರುವ ಕೆಲಸ ನಡೆಯುತ್ತಲೇ ಇರಬೇಕು, ಸತ್ಯ ಸಿಗುವುದು ಅದೊಂದರಿಂದಲೇ ಅನ್ನುವ ಅರ್ಥದ ಹೇಳಿಕೆ ಹೊರಡಿಸಿತು. ಮೊರ ಹಿಡಿದು ಗೊತ್ತಿದ್ದವರು ಬರೆದ ವಾಕ್ಯ. ಅದನ್ನು ಕೆತ್ತಿದ ಫಲಕ ಗುಡ್ಡದ ಮೇಲಿನ ಬ್ಯಾಸ್ಕಮ್ ಹಾಲ್ ಗೋಡೆಯ ಮೇಲಿದೆ.

ಈ ಭರವಸೆಗೆ ಕಾವಲು ‘ಟೆನ್ಯೂರ್’. ಹೊಸದಾಗಿ ಸೇರಿದ ಪ್ರಾಧ್ಯಾಪಕರಿಗೆ ಸುಮಾರು ಆರು ವರ್ಷದ ಪರೀಕ್ಷೆ. ಪಾಸಾದರೆ ಕೆಲಸ ಕಾಯಂ, ಸುಲಭಕ್ಕೆ ತೆಗೆಯಲು ಬರುವುದಿಲ್ಲ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ವಿಸ್ಕಾನ್ಸಿನ್‌ನಲ್ಲಿ ಟೆನ್ಯೂರ್ ರಾಜ್ಯದ ಕಾನೂನಿನಲ್ಲೇ ಇತ್ತು. 2015ರಲ್ಲಿ ಅದನ್ನು ಕಾನೂನಿನಿಂದ ತೆಗೆದು ಮಂಡಳಿಯ ನಿಯಮಕ್ಕೆ ಬಿಟ್ಟರು. ಅದೇ ವರ್ಷದ ಬಜೆಟ್ ಕರಡಿನಲ್ಲಿ ವಿಶ್ವವಿದ್ಯಾಲಯದ ಉದ್ದೇಶದಿಂದ ‘ಸತ್ಯದ ಹುಡುಕಾಟ’ ಅನ್ನುವ ಮಾತು ಹೋಗಿ, ರಾಜ್ಯಕ್ಕೆ ಬೇಕಾದ ಕೆಲಸಗಾರರನ್ನು ಒದಗಿಸುವುದು ಅನ್ನುವ ಮಾತು ಸೇರಿಕೊಂಡಿತ್ತು. ಗಲಾಟೆಯಾಯಿತು. ಕರಡು ಬರೆಯುವಾಗ ಆದ ತಪ್ಪು ಅಂತ ಹೇಳಿ ಹಳೆಯ ಮಾತನ್ನು ವಾಪಸ್ ಹಾಕಿದರು.

ಪತ್ರ ಕೈಯಲ್ಲಿದ್ದರೆ

ಪದವಿಗೆ ಹೋಗುವವರಿಗೆ: ಮೊದಲ ವರ್ಷದ ಕೆಲವು ತರಗತಿಗಳಲ್ಲಿ ನೂರಾರು ಜನ ಇರುತ್ತಾರೆ. ಚರ್ಚೆಯ ತರಗತಿ, ಲ್ಯಾಬು ನಡೆಸುವವರು ಎಷ್ಟೋ ಸಲ ‘ಟಿಎ’ಗಳು, ಅಂದರೆ ಪಾಠ ಮಾಡುತ್ತಾ ಓದುವ ಪಿಎಚ್‌ಡಿ ವಿದ್ಯಾರ್ಥಿಗಳು. (ಮ್ಯಾಡಿಸನ್‌ನ ಟಿಎಗಳು 1966ರಲ್ಲೇ ಸಂಘ ಕಟ್ಟಿ, 1970ರಲ್ಲಿ ಮುಷ್ಕರ ಹೂಡಿದವರು. ಸುಮ್ನೆ ಹುಡುಗರು ಅಂದುಕೊಳ್ಳಬೇಡಿ.) ಪ್ರಯೋಗಾಲಯದ ಬಾಗಿಲು ಪದವಿ ವಿದ್ಯಾರ್ಥಿಗೂ ತೆರೆಯುತ್ತದೆ. ಆದರೆ ತಟ್ಟಬೇಕು. ಪ್ರಾಧ್ಯಾಪಕರಿಗೆ ಇಮೇಲ್ ಬರೆದು ಕೇಳಿದವರಿಗೆ ಜಾಗ ಸಿಗುತ್ತದೆ, ಕಾಯುತ್ತಾ ಕೂತವರಿಗೆ ಸಿಗುವುದು ಕಷ್ಟ.

ಎಂಎಸ್‌ಗೆ ಹೋಗುವವರು ಸಾಮಾನ್ಯವಾಗಿ ಪೂರ್ತಿ ಫೀಸು ಕಟ್ಟಿಯೇ ಓದಬೇಕು ಅಂತಿಟ್ಟುಕೊಂಡು ಲೆಕ್ಕ ಹಾಕುವುದು ಕ್ಷೇಮ. ವಿಜ್ಞಾನ, ಎಂಜಿನಿಯರಿಂಗ್‌ನ ಪಿಎಚ್‌ಡಿ ಲೆಕ್ಕವೇ ಬೇರೆ. ಅಲ್ಲಿ ಬಹುಮಟ್ಟಿಗೆ ಫೀಸು ಮನ್ನಾ, ಮೇಲೆ ತಿಂಗಳಿಗೆ ಇಷ್ಟು ಅಂತ ಸಂಬಳ. ಅದು ಟಿಎ ಕೆಲಸಕ್ಕಾದರೆ ವಿಭಾಗದ ದುಡ್ಡು. ‘ಆರ್‌ಎ’ ಅಂತ ಇದ್ದರೆ ಯಾರೋ ಒಬ್ಬ ಪ್ರಾಧ್ಯಾಪಕರ ಗ್ರಾಂಟಿನ ದುಡ್ಡು, ಗ್ರಾಂಟಿಗೆ ಒಂದು ಕೊನೆಯ ತಾರೀಖು ಇರುತ್ತದೆ. ಗ್ರಾಂಟ್ ಮುಗಿದರೆ ಅಥವಾ ನಿಂತರೆ ಸಂಬಳ ಎಲ್ಲಿಂದ ಬರುತ್ತದೆ, ಎಷ್ಟು ವರ್ಷಕ್ಕೆ ವಿಭಾಗ ಖಾತ್ರಿ ಕೊಡುತ್ತದೆ ಅನ್ನುವುದು ಪತ್ರದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಬರೆದು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಈ ಪ್ರಶ್ನೆ ಅವರಿಗೆ ದಿನಾ ಬರುತ್ತದೆ.